ದಾಳ ಬೀಳುವ ಮೊದಲು: ಸರ್ಕಾರ ನಡೆಸುವ ಗೇಮ್‌ಗಳನ್ನ ಕಾರ್ಗಲ್‌ನಲ್ಲಿ ಕೂತು ಆಡಿದರೆ

2023ರ ಅಕ್ಟೋಬರ್‌ನ ಒಂದು ಸಂಜೆ. ಕಾರ್ಗಲ್‌ನ ನಮ್ಮ ಮನೆಯಲ್ಲಿ ಕರೆಂಟು ಹೋಗಿತ್ತು. ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ಇರೋವಷ್ಟು ಹೊತ್ತು ಆಡೋಣ ಅಂತ ‘ಡೆಮಾಕ್ರಸಿ 4’ ತೆಗೆದು ಕೂತಿದ್ದೆ. ಅದರಲ್ಲಿ ನಾನು ಒಂದು ದೇಶದ ಮುಖ್ಯಸ್ಥ. ತೆರಿಗೆ ಎಷ್ಟು, ಶಾಲೆಗೆಷ್ಟು, ಪೊಲೀಸರಿಗೆಷ್ಟು ಅಂತ ತೀರ್ಮಾನಿಸೋದು ನನ್ನ ಕೆಲಸ. ಮೇಣದಬತ್ತಿ ಹಚ್ಚಿಕೊಂಡು ಪಕ್ಕದಲ್ಲಿ ಕೂತಿದ್ದ ಅಜ್ಜಿ ಕೇಳಿದ್ರು, “ಎಂತ ಆಟನಾ ಅದು?”

“ಸರ್ಕಾರ ನಡೆಸೋ ಆಟ ಅಜ್ಜಿ.”

ಸ್ವಲ್ಪ ಹೊತ್ತು ತೆರೆ ನೋಡಿದ್ರು. “ಹಂಗಾದ್ರೆ ಅದ್ರಲ್ಲಿ ಮುಳುಗಡೆಯೋರು ಎಲ್ಲಿದಾರೆ?”

ಆವತ್ತು ನನ್ನ ಹತ್ರ ಉತ್ತರ ಇರಲಿಲ್ಲ. ಈ ಗೇಮ್‌ಗಳು ಹೇಗೆ ಕೆಲಸ ಮಾಡುತ್ತವೆ, ಅವುಗಳಿಂದ ನಮ್ಮ ರಾಜಕಾರಣದ ಬಗ್ಗೆ ಏನು ಕಲಿಯಬಹುದು, ಏನು ಕಲಿಯಲಾಗದು ಎಂದು ಬರೆಯಲು ಹೊರಟಾಗ ಅಜ್ಜಿಯ ಪ್ರಶ್ನೆಯೇ ಮೊದಲು ನೆನಪಾಯಿತು.

ಯಾವ ಗೇಮ್‌ಗಳು?

‘ಡೆಮಾಕ್ರಸಿ’ ಸರಣಿ ಬ್ರಿಟನ್ನಿನ ಕ್ಲಿಫ್ ಹ್ಯಾರಿಸ್ ಅವರ ಪಾಸಿಟೆಕ್ ಗೇಮ್ಸ್‌ನದು. ಮೊದಲನೆಯದು 2005ರಲ್ಲಿ ಬಂತು, ನಾಲ್ಕನೆಯದು ಪೂರ್ತಿಯಾಗಿ ಬಿಡುಗಡೆಯಾದದ್ದು 2022ರಲ್ಲಿ. ಇಲ್ಲಿ ಯುದ್ಧ ಇಲ್ಲ, ಭೂಪಟದ ಮೇಲೆ ಸೈನ್ಯ ಓಡಿಸೋದಿಲ್ಲ. ಒಂದು ಸುತ್ತು ಅಂದರೆ ಮೂರು ತಿಂಗಳು. ಪ್ರತಿ ಸುತ್ತಿನಲ್ಲೂ ನೀತಿಗಳನ್ನ ತರಬಹುದು, ಏರಿಸಬಹುದು, ಇಳಿಸಬಹುದು, ರದ್ದು ಮಾಡಬಹುದು. ಚುನಾವಣೆ ಬಂದಾಗ ಗೆಲ್ಲಬೇಕು.

ಇನ್ನೊಂದು, ಹೆಚ್ಚು ಜನರಿಗೆ ಗೊತ್ತಿರುವ ‘ಸಿವಿಲೈಸೇಷನ್ 6’ (2016). ಅದರಲ್ಲಿ ನೀತಿಗಳು ಇಸ್ಪೀಟಿನ ಎಲೆಗಳ ಥರ. ನಿಮ್ಮ ಸರ್ಕಾರದ ಸ್ವರೂಪಕ್ಕೆ ತಕ್ಕಂತೆ ಸೇನೆ, ಆರ್ಥಿಕತೆ, ರಾಜತಾಂತ್ರಿಕತೆ ಅಂತ ಇಷ್ಟಿಷ್ಟು ಜಾಗ ಇರುತ್ತದೆ. ಒಂದು ಎಲೆ ಹಾಕಬೇಕಂದ್ರೆ ಇನ್ನೊಂದನ್ನ ತೆಗೀಬೇಕು. 2019ರಲ್ಲಿ ಬಂದ ಅದರ ‘ಗ್ಯಾದರಿಂಗ್ ಸ್ಟಾರ್ಮ್’ ವಿಸ್ತರಣೆಯಲ್ಲಿ ನೆರೆ, ಬರ, ಬಿರುಗಾಳಿ, ಜ್ವಾಲಾಮುಖಿಗಳೂ ಸೇರಿದವು.

ನೀತಿ: ಇವತ್ತು ಎಳೆದರೆ ಇವತ್ತೇ ಬದಲಾಗಲ್ಲ

‘ಡೆಮಾಕ್ರಸಿ’ಯ ತೆರೆ ತುಂಬ ಚಿಕ್ಕ ಚಿಕ್ಕ ವೃತ್ತಗಳು. ಒಂದರ ಮೇಲೆ ಬೆರಳಿಟ್ಟರೆ ಅದರಿಂದ ಬೇರೆ ವೃತ್ತಗಳಿಗೆ ಹಸಿರು, ಕೆಂಪು ಗೆರೆಗಳು ಹರಿಯುತ್ತವೆ. ಹಸಿರು ಅಂದರೆ ಏರಿಸುತ್ತದೆ, ಕೆಂಪು ಅಂದರೆ ಇಳಿಸುತ್ತದೆ. ಯಾವ ನೀತಿಯೂ ಒಂಟಿಯಲ್ಲ. ಪೆಟ್ರೋಲ್ ತೆರಿಗೆ ಏರಿಸಿದರೆ ಖಜಾನೆಗೂ ತಟ್ಟುತ್ತದೆ, ಗಾಳಿಗೂ ತಟ್ಟುತ್ತದೆ, ವಾಹನ ಇರುವವರ ಸಿಟ್ಟಿಗೂ ತಟ್ಟುತ್ತದೆ.

ಹೊಸಬರು ಎಡವುವುದು ಎರಡು ಕಡೆ. ಒಂದು, ರಾಜಕೀಯ ಬಂಡವಾಳ. ಅದು ಹಣ ಅಲ್ಲ. ನಿಮ್ಮ ಸಚಿವರು ಪ್ರತಿ ಸುತ್ತಿನಲ್ಲೂ ಒದಗಿಸುವ ಶಕ್ತಿ. ಸಚಿವರಿಗೆ ನಿಮ್ಮ ಮೇಲೆ ಬೇಸರವಾದರೆ ಕಡಿಮೆಯಾಗುತ್ತದೆ. ದೊಡ್ಡ ನೀತಿ ತರಲು ಹೆಚ್ಚು ಬೇಕು. ಎರಡು, ವಿಳಂಬ. ನೀತಿ ಜಾರಿಯಾಗಲು ಸುತ್ತುಗಳು ಹಿಡಿಯುತ್ತವೆ, ಪರಿಣಾಮ ಕಾಣಲು ಇನ್ನಷ್ಟು. ಇವತ್ತಿನ ತೊಂದರೆಗೆ ಇವತ್ತು ಬರೆದ ನೀತಿ ಬಹಳ ಸಲ ನಾಳಿದ್ದಿನ ಸರ್ಕಾರಕ್ಕೆ ಉಪಯೋಗಕ್ಕೆ ಬರುತ್ತದೆ.

ಸಾಗರದವರಿಗೆ ವಿಳಂಬ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ. ಭೂಸುಧಾರಣಾ ಕಾಯ್ದೆ ಬಂದದ್ದು 1961ರಲ್ಲಿ, ಜಾರಿಯಾದದ್ದು 1965ರಲ್ಲಿ. ಉಳುವವನೇ ಹೊಲದೊಡೆಯ ಅನ್ನೋ ಮಾತಿಗೆ ಹಲ್ಲು ಬಂದದ್ದು ದೇವರಾಜ ಅರಸು ಕಾಲದ ತಿದ್ದುಪಡಿ 1974ರಲ್ಲಿ ಜಾರಿಗೆ ಬಂದ ಮೇಲೆ. ಗೇಮ್ ಲೆಕ್ಕದಲ್ಲಿ 92 ಸುತ್ತು. ಅಷ್ಟು ಹೊತ್ತು ಯಾವ ಆಟಗಾರ ಕಾಯ್ತಾನೆ ಹೇಳಿ?

ಆಪತ್ತಿನಲ್ಲಿ ಮೂರು ಬಗೆ

ಹೊರಗಿನಿಂದ ಎಲ್ಲವೂ ‘ಇದ್ದಕ್ಕಿದ್ದಂತೆ ಬಂತು’ ಅನ್ನಿಸುತ್ತದೆ. ಗೇಮ್ ಮಾತ್ರ ಮೂರಾಗಿ ಬೇರ್ಪಡಿಸುತ್ತದೆ.

*ಘಟನೆ:* ತೆರೆಯ ಮೇಲೆ ಒಂದು ಸುದ್ದಿ ಬಂದು ಕೂರುತ್ತದೆ, ಕೆಲವು ಸುತ್ತು ಕಾಡಿ ಮಾಸುತ್ತದೆ. ಈ ಗೇಮಿನ ಕಡತಗಳು ಸಾದಾ ಪಠ್ಯದಲ್ಲಿವೆ, ಯಾರು ಬೇಕಾದರೂ ತೆಗೆದು ಓದಬಹುದು. ಓದಿದರೆ ಗೊತ್ತಾಗುವ ಸಂಗತಿ ಇದು: ಘಟನೆಯ ಲೆಕ್ಕದಲ್ಲಿ ಒಂದು ಪಾಲು ಮಾತ್ರ ದಾಳ. ಉಳಿದ ಪಾಲು ನಿಮ್ಮ ದೇಶದ ಸ್ಥಿತಿ. ಅಂದರೆ ದಾಳದ ತೂಕವನ್ನ ಮುಂಚೆಯೇ ನೀವು ಬದಲಾಯಿಸಿರುತ್ತೀರಿ.

*ಸ್ಥಿತಿ:* ಇದು ಅದೃಷ್ಟದ ಮಾತಲ್ಲ. ಕಾರಣಗಳು ಸೇರಿ ಒಂದು ಗೆರೆ ದಾಟಿದಾಗ ಶುರುವಾಗುತ್ತದೆ. ಶುರುವಾಗುವ ಗೆರೆ ಬೇರೆ, ಮುಗಿಯುವ ಗೆರೆ ಬೇರೆ. ಒಳಗೆ ಬಂದಷ್ಟು ಸುಲಭಕ್ಕೆ ಹೊರಗೆ ಹೋಗೋಕಾಗಲ್ಲ.

*ಸಂದಿಗ್ಧ:* ಎರಡೋ ಮೂರೋ ದಾರಿ ಮುಂದಿಟ್ಟು ಒಂದನ್ನ ಆರಿಸು ಅನ್ನುತ್ತದೆ. ಯಾವುದನ್ನ ಒತ್ತಿದರೂ ಯಾರಿಗೋ ಪೆಟ್ಟು.

ಈ ಮೂರಕ್ಕೂ ನಮ್ಮೂರಲ್ಲೇ ಉದಾಹರಣೆ ಇದೆ.

ಘಟನೆ: 2023ರ ಬರ

ಆ ವರ್ಷ ಜೂನ್ 11ಕ್ಕೆ ‘ಶಕ್ತಿ’ ಶುರುವಾಯಿತು, ಜುಲೈನಿಂದ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಕೊಡುವ ‘ಗೃಹಜ್ಯೋತಿ’. ಅದೇ ಮಳೆಗಾಲದಲ್ಲಿ ಮಳೆ ಕೈಕೊಟ್ಟಿತು. ದೇಶದ ಮಟ್ಟಿಗೆ ಆ ಆಗಸ್ಟ್ 1901ರಿಂದೀಚೆಗೆ ಅತ್ಯಂತ ಒಣ ಆಗಸ್ಟ್. ನವೆಂಬರ್ ಹೊತ್ತಿಗೆ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿದ್ದವು.

ಈಗ ಗೆರೆ ಎಳೆದು ನೋಡಿ. ಮಳೆ ಇಲ್ಲದಿದ್ದರೆ ಲಿಂಗನಮಕ್ಕಿಗೆ ನೀರಿಲ್ಲ. ಇಲ್ಲಿಂದ ತಳಕಳಲೆಗೆ ಹೋಗಿ, ಅಲ್ಲಿಂದ ಕೊಳವೆಯಲ್ಲಿ ಇಳಿಯುವ ನೀರಿನಿಂದಲೇ 1035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ನಡೆಯೋದು. ಹಾಗಾಗಿ ಉತ್ಪಾದನೆಗೆ ಒಂದು ಕೆಂಪು ಗೆರೆ. ಮಳೆ ಇಲ್ಲ ಅಂದ್ರೆ ರೈತರು ಮಳೆಗಾಲದಲ್ಲೇ ಪಂಪ್‌ಸೆಟ್ ಹಾಕ್ತಾರೆ. ಹಾಗಾಗಿ ಬೇಡಿಕೆಗೆ ಹಸಿರು ಗೆರೆ. ಒಂದೇ ಬರ ಎರಡು ಕಡೆಯಿಂದ ಹೊಡೆಯಿತು. ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ಖಾಸಗಿ ಉತ್ಪಾದಕರು ರಾಜ್ಯದ ಗ್ರಿಡ್‌ಗೇ ವಿದ್ಯುತ್ ಕೊಡಬೇಕು ಅಂತ ಆದೇಶಿಸಬೇಕಾಯಿತು.

ಆಗ ನನ್ನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಎರಡೇ ವಾದ. ‘ಎಲ್ಲಾ ಫ್ರೀ ಕೊಟ್ಟಿದ್ದಕ್ಕೆ ಹೀಗಾಯ್ತು’ ಅಂತ ಒಂದು, ‘ಪ್ರಕೃತಿ ಮುನಿದರೆ ಸರ್ಕಾರ ಏನು ಮಾಡುತ್ತೆ’ ಅಂತ ಇನ್ನೊಂದು. ಗೇಮ್ ಆಡಿದವರು ಎರಡನ್ನೂ ಒಪ್ಪಲ್ಲ. ಬರ ತಂದದ್ದು ದಾಳ. ಆದರೆ ಬರ ಬಂದಾಗ ಎಷ್ಟು ಕತ್ತಲಾಗುತ್ತೆ ಅನ್ನೋದನ್ನ ನಿರ್ಧರಿಸಿದ್ದು ಹತ್ತಾರು ವರ್ಷದ ನೀತಿಗಳು: ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ತಿನ ಹಳೆಯ ತೀರ್ಮಾನ, ಕಲ್ಲಿದ್ದಲ ಸ್ಥಾವರಗಳ ನಿರ್ವಹಣೆ, ಪಾವಗಡದ 2050 ಮೆಗಾವ್ಯಾಟ್ ಸೌರ ಪಾರ್ಕ್. ಪಾವಗಡ ಇರದಿದ್ದರೆ ಆ ಅಕ್ಟೋಬರ್ ಇನ್ನೂ ಕಷ್ಟ ಆಗ್ತಿತ್ತು. ಅದನ್ನ ಕಟ್ಟಿದ ಸರ್ಕಾರಗಳು ಬೇರೆ, ಲಾಭ ಪಡೆದ ಸರ್ಕಾರ ಬೇರೆ.

ಇಲ್ಲಿ ಗೇಮಿನ ಒಂದು ಕೊರತೆಯನ್ನೂ ಹೇಳಬೇಕು. ಅದರಲ್ಲಿ ಆಡುವವರು ಒಬ್ಬರೇ. ನಮ್ಮಲ್ಲಿ ಸರ್ಕಾರಗಳು ಎರಡು. ಬರ ಪರಿಹಾರಕ್ಕೆ ರಾಜ್ಯ ಕೇಂದ್ರದ ಹತ್ತಿರ 18,171 ಕೋಟಿ ರೂಪಾಯಿ ಕೇಳಿತು, 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್‌ನಲ್ಲಿ ಬಂದದ್ದು 3,454 ಕೋಟಿ. ಸ್ಲೈಡರ್ ನಿಮ್ಮ ಕೈಲಿದ್ದು ಖಜಾನೆ ಇನ್ನೊಬ್ಬರ ಕೈಲಿದ್ದರೆ ಹೇಗಾಡೋದು ಅಂತ ಈ ಗೇಮ್ ಕಲಿಸಲ್ಲ.

ಸ್ಥಿತಿ: ಮಂಗನ ಕಾಯಿಲೆ

ಕ್ಯಾಸನೂರು ಕಾಡಿನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನಲ್ಲಿ ಮೊದಲು ಗುರುತಾಯಿತು. ಉಣುಗಿನಿಂದ ಹರಡುತ್ತದೆ. ಕಾಡಲ್ಲಿ ಮಂಗಗಳು ಸಾಯೋದು ಮೊದಲ ಎಚ್ಚರಿಕೆ. 2018ರ ಕೊನೆ, 2019ರ ಆರಂಭದಲ್ಲಿ ಅದು ನಮ್ಮ ಪಕ್ಕದ ಅರಳಗೋಡು ಸೀಮೆಯಲ್ಲಿ ಹಬ್ಬಿತು. ಹಲವರು ತೀರಿಕೊಂಡರು. ಆ ಬೇಸಿಗೆಯಲ್ಲಿ ದರಗು ಗುಡಿಸಲು ಹೋಗುವವರು ಮೈಗೆ ಡಿಎಂಪಿ ಎಣ್ಣೆ ಬಳಿದುಕೊಂಡು ಹೋಗ್ತಿದ್ದರು. ಅದರ ವಾಸನೆ ನನಗಿನ್ನೂ ನೆನಪಿದೆ.

ಆಗ ಇದ್ದ ಲಸಿಕೆಯನ್ನ ಒಂದು ತಿಂಗಳ ಅಂತರದಲ್ಲಿ ಎರಡು ಸಲ ಹಾಕಿಸಿಕೊಳ್ಳಬೇಕಿತ್ತು, ಆಮೇಲೆ ಬೂಸ್ಟರ್. ಅಂದರೆ ಕಾಯಿಲೆಯ ಕಾಲ ಶುರುವಾಗುವ ಮುಂಚೆಯೇ ಮುಗಿದಿರಬೇಕು. ಮಂಗ ಸತ್ತ ಮೇಲೆ, ಜ್ವರ ಬಂದ ಮೇಲೆ ಎಷ್ಟು ಬಂಡವಾಳ ಸುರಿದರೂ ಆ ತಿಂಗಳು ವಾಪಸ್ ಸಿಗಲ್ಲ. ಪರಿಣಾಮ ಸಾಲದು ಅನ್ನೋ ಕಾರಣಕ್ಕೆ 2022ರ ಸುಮಾರಿಗೆ ಆ ಲಸಿಕೆಯೂ ನಿಂತಿತು. ಹೊಸದಕ್ಕೆ ಪ್ರಯತ್ನ ನಡೆದಿದೆ. ಇದು ಘಟನೆಯಲ್ಲ, ಸ್ಥಿತಿ: ಕಾಡಂಚಿನ ಬದುಕು, ದೂರದ ಆಸ್ಪತ್ರೆ, ತಡವಾಗುವ ಪರೀಕ್ಷೆ ಎಲ್ಲ ಸೇರಿ ಗೆರೆ ದಾಟಿಸುತ್ತವೆ. ಇದನ್ನ ಪ್ರತಿ ಸಲ ‘ಇದ್ದಕ್ಕಿದ್ದಂತೆ’ ಅಂತ ಕರೆಯೋದೇ ಒಂದು ನೀತಿ.

ಸಂದಿಗ್ಧ: ತಳಕಳಲೆ ಮತ್ತು ಗೇರುಸೊಪ್ಪ

ಈಗ ನಮ್ಮ ಮುಂದಿರುವ ಪ್ರಶ್ನೆ 2000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ. ಮಧ್ಯಾಹ್ನ ಸೌರವಿದ್ಯುತ್ ಹೆಚ್ಚಿರುವಾಗ ಗೇರುಸೊಪ್ಪದ ನೀರನ್ನ ತಳಕಳಲೆಗೆ ಎತ್ತೋದು, ಸಂಜೆ ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ವಿದ್ಯುತ್ ಮಾಡೋದು. ಎತ್ತೋಕೆ ಖರ್ಚಾಗುವಷ್ಟು ವಿದ್ಯುತ್ ವಾಪಸ್ ಬರಲ್ಲ. ಸಿಗೋದು ಸಂಜೆಯ ಹೊತ್ತಿಗೆ ಕೈಗೆಟುಕುವ ವಿದ್ಯುತ್. ಅದಕ್ಕೂ ಬೆಲೆ ಇದೆ, 2023ರ ಕತ್ತಲು ಕಂಡವನಾಗಿ ಅದನ್ನ ನಾನು ಅಲ್ಲಗಳೆಯಲ್ಲ. ಆದರೆ ಜಾಗ ಸಿಂಗಳೀಕದ ಅಭಯಾರಣ್ಯ. ಕಾಡು ಹೋಗುತ್ತೆ ಅಂತ ಇಲ್ಲಿಯ ಜನ ಪ್ರತಿಭಟಿಸಿದ್ದಾರೆ.

ಗೇಮ್‌ನಲ್ಲಿ ಈ ಪೆಟ್ಟಿಗೆ ಬಂದರೆ ‘ಕಟ್ಟು’, ‘ಬೇಡ’ ಎಂಬ ಎರಡೇ ಗುಂಡಿ ಇರುತ್ತಿತ್ತು. ನಿಜದಲ್ಲಿ ಮೂರನೆಯದು ಇದೆ: ಬೇರೆಲ್ಲಿ, ಬೇರೆ ಹೇಗೆ, ಬ್ಯಾಟರಿಯಲ್ಲಿ ಎಷ್ಟು, ಲೆಕ್ಕ ತೋರಿಸಿ ಅಂತ ಕೇಳೋದು. ಎರಡೇ ಗುಂಡಿ ತೋರಿಸಿ ಒತ್ತು ಅನ್ನುವ ಸರ್ಕಾರವನ್ನ ಮೊದಲು ಕೇಳಬೇಕಾದ್ದು, ಪೆಟ್ಟಿಗೆ ಬರೆದವರು ಯಾರು ಅಂತ.

ಗೇಮ್ ಬಿಟ್ಟದ್ದು

‘ಸಿವಿಲೈಸೇಷನ್ 6’ರಲ್ಲಿ ನದಿ ಬಯಲಿನ ಮೇಲೆ ಅಣೆಕಟ್ಟು ಕಟ್ಟಬಹುದು. ನೆರೆಯಿಂದ ರಕ್ಷಣೆ, ಆಮೇಲೆ ಜಲವಿದ್ಯುತ್. ಕೆಲವು ಸುತ್ತಿನ ಖರ್ಚು, ಮುಗೀತು. ಅಲ್ಲಿದ್ದ ಜನ ಎಲ್ಲಿ ಹೋದರು ಅನ್ನೋ ಪ್ರಶ್ನೆಗೆ ಜಾಗವೇ ಇಲ್ಲ.

ಲಿಂಗನಮಕ್ಕಿ 1964ರಲ್ಲಿ ಮುಗಿಯಿತು. ಸುಮಾರು 300 ಚದರ ಕಿಲೋಮೀಟರ್ ನೀರಿನಡಿ ಹೋಯಿತು. ಅದಕ್ಕೂ ಮುಂಚಿನ ಹಿರೇಭಾಸ್ಕರ ಅಣೆಕಟ್ಟು ಕೂಡ ಅದರಲ್ಲೇ ಮುಳುಗಿತು, ನೀರು ಇಳಿದ ವರ್ಷ ಮೇಲೆ ಕಾಣುತ್ತದೆ. ಸಾವಿರಾರು ಕುಟುಂಬಗಳನ್ನ ಜಿಲ್ಲೆಯ ಬೇರೆ ಬೇರೆ ಕಾಡಂಚಿಗೆ ಸಾಗಿಸಿದರು. ಆಗ ಅಜ್ಜಿಗೆ ಹದಿನಾಲ್ಕು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು, ಅರಣ್ಯ ಭೂಮಿ ಬಿಟ್ಟುಕೊಡಲು ಕೇಂದ್ರದ ಒಪ್ಪಿಗೆ ಬೇಕಾಯಿತು. ಆಮೇಲೆ ರಾಜ್ಯ ಸರ್ಕಾರಗಳು ಆ ಒಪ್ಪಿಗೆ ಇಲ್ಲದೆಯೇ ಮುಳುಗಡೆ ಸಂತ್ರಸ್ತರಿಗಾಗಿ ಡಿನೋಟಿಫೈ ಮಾಡಿದ್ದನ್ನ 2021ರಲ್ಲಿ ಹೈಕೋರ್ಟ್ ರದ್ದು ಮಾಡಿತು. ಅಜ್ಜಿಯ ತಮ್ಮಂದಿರು ಇವತ್ತಿಗೂ ಆಗ ಕೊಟ್ಟ ಜಾಗದಲ್ಲೇ ಇದ್ದಾರೆ. ಹಕ್ಕುಪತ್ರ ಇಲ್ಲ. ಕಾಡು ಉಳಿಸುವ ಒಂದು ಒಳ್ಳೆಯ ಕಾನೂನು, ಹಳೆಯ ಒಂದು ಸಾಲ ತೀರಿಸದೇ ಇದ್ದದ್ದರಿಂದ, ಅದೇ ಜನರ ಮೇಲೆ ಬಂದು ಬಿತ್ತು.

ಆಡುವವರಿಗೆ, ವೋಟು ಹಾಕುವವರಿಗೆ

ಗೇಮ್‌ನಲ್ಲಿ ನಾನು ಕಲಿತದ್ದು ಇಷ್ಟು. ಬಂಡವಾಳವನ್ನೆಲ್ಲ ಮೊದಲ ಸುತ್ತಿನಲ್ಲೇ ಖರ್ಚು ಮಾಡಬೇಡಿ, ಆಪತ್ತಿಗೆ ಸ್ವಲ್ಪ ಉಳಿಸಿ. ಮಾಸಿಹೋಗುವ ಘಟನೆಗೆಲ್ಲ ಶಾಶ್ವತ ನೀತಿ ಬರೆಯಬೇಡಿ. ‘ಸ್ಥಿತಿ’ ಶುರುವಾಗುವ ಮುಂಚೆ ಗೆರೆ ಎಷ್ಟು ಹತ್ತಿರ ಬಂದಿದೆ ನೋಡಿ, ದಾಟಿದ ಮೇಲೆ ಎರಡರಷ್ಟು ದುಬಾರಿ. ನೀತಿ ಬದಲಿಸಿದ ಮರುಸುತ್ತಿಗೇ ಫಲ ಕಾಣಲಿಲ್ಲ ಅಂತ ವಾಪಸ್ ಎಳೆಯಬೇಡಿ.

ಹೊರಗಡೆ, ಯಾವುದೇ ಸರ್ಕಾರ ‘ಅನಿರೀಕ್ಷಿತ’ ಅಂದಾಗ ಮೂರು ಪ್ರಶ್ನೆ ಕೇಳಿ. ದಾಳದ ಪಾಲು ಎಷ್ಟು, ನೀತಿಯ ಪಾಲು ಎಷ್ಟು? ಎಚ್ಚರಿಕೆ ಯಾವಾಗ ಬಂತು? ಪೆಟ್ಟು ಬಿದ್ದವರು ಲೆಕ್ಕದಲ್ಲಿ ಇದ್ದಾರಾ?

ಕಳೆದ ತಿಂಗಳು ‘ಡೆಮಾಕ್ರಸಿ 4’ರ ಕಡತ ತೆಗೆದು ‘ಮುಳುಗಡೆ’ ಅಂತ ಹೊಸ ಸ್ಥಿತಿಯೊಂದನ್ನ ಬರೆಯಲು ಕೂತೆ. ಶುರುವಾಗುವ ಗೆರೆ ಬರೆಯೋದು ಸುಲಭವಾಯಿತು. ಮುಗಿಯುವ ಗೆರೆಗೆ ಯಾವ ಸಂಖ್ಯೆ ಹಾಕೋದು ತಿಳಿಯದೆ ಅಜ್ಜಿಯನ್ನ ಕೇಳಿದೆ.

“ಸಂಖ್ಯೆ ಎಂತಕ್ಕೆ ಮಾರಾಯ,” ಅಂದ್ರು. “ಹಕ್ಕುಪತ್ರ ಕೈಗೆ ಬಂದ ದಿನ ಅಂತ ಬರಿ.”