ಪರವಾನಗಿ ಮುಗಿದ ಪೆಟ್ಟಿಗೆ

ನವಿ ಮುಂಬೈನ ಮಹಾಪೆ, ಐರೋಲಿಯಂಥ ಕಡೆ ಕಚೇರಿಗಳಿಂದ ಹೊರಬೀಳುವ ಫೈರ್‌ವಾಲ್ ಪೆಟ್ಟಿಗೆ ಕೆಟ್ಟಿರಲೇಬೇಕೆಂದಿಲ್ಲ. ಎಷ್ಟೋ ಸಲ ಮುಗಿದಿರುವುದು ಕಂಪನಿಯ ಪರವಾನಗಿಯ ಅವಧಿ. ಹಲವು ಮಾದರಿಗಳ ಒಳಗಿರುವುದು ಮಾಮೂಲಿ ಕಂಪ್ಯೂಟರಿನದೇ ಪ್ರೊಸೆಸರ್, ಜೊತೆಗೆ ನಾಲ್ಕಾರು ನೆಟ್‌ವರ್ಕ್ ಪೋರ್ಟ್‌ಗಳು. ಅಂಥದಕ್ಕೆ ಮುಕ್ತ ತಂತ್ರಾಂಶ ಹಾಕಿದರೆ ಥಾಣೆ, ಕಲ್ಯಾಣ, ಡೊಂಬಿವಲಿಯ ಸಣ್ಣ ಕಚೇರಿಯ ಜಾಲವನ್ನು ಅದು ಇನ್ನೂ ಕಾಯಬಲ್ಲದು.

ಈ ದಾರಿಗೆ ಇಪ್ಪತ್ತು ವರ್ಷ ದಾಟಿದೆ. 2003ರಲ್ಲಿ ಸ್ವಿಟ್ಜರ್ಲೆಂಡಿನ ಮ್ಯಾನುಯೆಲ್ ಕ್ಯಾಸ್ಪರ್ ಆರಂಭಿಸಿದ ಮೊನೊವಾಲ್‌ನಿಂದ 2004ರಲ್ಲಿ ಪಿಎಫ್‌ಸೆನ್ಸ್ ಕವಲೊಡೆಯಿತು. ಅದರಿಂದ 2015ರಲ್ಲಿ ಓಪಿಎನ್‌ಸೆನ್ಸ್. ಅದೇ ವರ್ಷ ಮೊನೊವಾಲ್ ನಿಲ್ಲಿಸಿದ ಕ್ಯಾಸ್ಪರ್, ಬಳಕೆದಾರರಿಗೆ ಓಪಿಎನ್‌ಸೆನ್ಸ್ ತೋರಿಸಿದರು.

ಈ ಮರುಜನ್ಮಕ್ಕೂ ಮಿತಿಯುಂಟು. 2017ರಲ್ಲಿ ಪಿಎಫ್‌ಸೆನ್ಸ್ 2.4 ಬಂದಾಗ 32-ಬಿಟ್ ಯಂತ್ರಗಳು ಹೊರಗುಳಿದವು. ಭದ್ರತಾ ತಿದ್ದುಪಡಿ ನಿಂತ ಮೇಲೆ ಕಾವಲುಗಾರ ಬಾಗಿಲಲ್ಲಿದ್ದೂ ಇಲ್ಲದಂತೆ.