ಜೀವದ ಬೆಲೆಯೂ ಜರ್ಮನಿಯ ಸಭೆಗಳೂ: 1931–1941

ಜೀವದ ಪಾವಿತ್ರ್ಯವನ್ನು ಬೋಧಿಸುವಾಗ ಮ್ಯೂನ್‌ಸ್ಟರಿನ ಕಥೋಲಿಕ ಬಿಷಪ್ ಫಾನ್ ಗಾಲೆನ್ ಅವರ ಪ್ರಸಂಗವನ್ನು ನಾವು ತಪ್ಪದೆ ಉದಾಹರಿಸುತ್ತೇವೆ. 1941ರ ಆಗಸ್ಟ್ 3ರಂದು ಸಂತ ಲ್ಯಾಂಬರ್ಟರ ದೇವಾಲಯದಲ್ಲಿ ಅವರು, ಮಾನಸಿಕ ರೋಗಿಗಳನ್ನು ರಾಜ್ಯವೇ ಕೊಲ್ಲಿಸುತ್ತಿದೆಯೆಂದು ಬಹಿರಂಗವಾಗಿ ಸಾರಿದರು. ಹಾಲು ಬತ್ತಿದ ಹಸುವನ್ನೂ ಕುಂಟುವ ಕುದುರೆಯನ್ನೂ ಅಳೆಯುವಂತೆ ಮನುಷ್ಯನನ್ನೂ ಉಪಯೋಗದಿಂದ ಅಳೆಯುವುದಾದರೆ, ವೃದ್ಧರ ಗತಿಯೇನು, ಅಂಗಹೀನರಾಗಿ ರಣರಂಗದಿಂದ ಮರಳುವ ಸೈನಿಕರ ಗತಿಯೇನು ಎಂಬುದು ಅವರ ವಾದದ ತಿರುಳು. ಪ್ರಸಂಗದ ಪ್ರತಿಗಳು ಗುಟ್ಟಾಗಿ ಕೈಯಿಂದ ಕೈಗೆ ಹರಡಿದವು. ಅದೇ ತಿಂಗಳ 24ರಂದು ಹಿಟ್ಲರನು ವಿಷಾನಿಲದ ಹತ್ಯೆಯನ್ನು ನಿಲ್ಲಿಸಲು ಆಜ್ಞಾಪಿಸಿದನು. ಅಷ್ಟರಲ್ಲಿ 70,000ಕ್ಕೂ ಹೆಚ್ಚು ಮಂದಿ ಹತರಾಗಿದ್ದರು. ಬಳಿಕವೂ ಮಿತಿಮೀರಿದ ಔಷಧದಿಂದ, ಹಸಿವಿನಿಂದ ಕೊಲೆಗಳು 1945ರವರೆಗೆ ಮುಂದುವರಿದವು.

ಆದರೆ ಚರಿತ್ರೆಯನ್ನು ಈ ಪ್ರಸಂಗದಿಂದಲೇ ಆರಂಭಿಸಿದರೆ ಸಭೆಯ ಪಾಲಿನಲ್ಲಿ ಅರ್ಧ ಮಾತ್ರ ಕಾಣುತ್ತದೆ. ಗಾಲೆನ್ ಅವರಿಗೆ ವಿಷಯ ತಿಳಿದದ್ದು 1940ರ ಜುಲೈಯಲ್ಲಿ. ಬಹಿರಂಗವಾಗಿ ಮಾತಾಡಲು ಒಂದು ವರುಷ ಹಿಡಿಯಿತು. ಅವರಿಗಿಂತ ಮುಂಚೆ, ಅದೇ 1940ರ ಬೇಸಗೆಯಲ್ಲಿ, ಲೋಬೆಟಾಲಿನ ಪಾಸ್ಟರ್ ಪೌಲ್ ಬ್ರೌನೆ ಊರೂರಿನ ಸಂಸ್ಥೆಗಳಿಂದ ವಿವರ ಕೂಡಿಸಿ ಸರಕಾರಕ್ಕೆ ಮನವಿಪತ್ರ ಸಲ್ಲಿಸಿದ್ದರು. ಎಲ್ಲಿಂದ ಎಷ್ಟು ರೋಗಿಗಳು ಸಾಗಿಸಲ್ಪಟ್ಟರು, ಕುಟುಂಬಗಳಿಗೆ ಚಿತಾಭಸ್ಮ ಹೇಗೆ ಬಂತು ಎಂಬುದನ್ನು ಲೆಕ್ಕಿಗನಂತೆ ಬರೆದಿಟ್ಟ ಆ ಪತ್ರವನ್ನು ನಮ್ಮ ವಿದ್ಯಾರ್ಥಿಗಳು ಓದಬೇಕೆಂಬುದು ನನ್ನ ಅಭಿಪ್ರಾಯ. ಆಗಸ್ಟಿನಲ್ಲಿ ಅವರ ಬಂಧನವಾಯಿತು. ವ್ಯೂರ್ಟೆಂಬರ್ಗಿನ ಬಿಷಪ್ ವುರ್ಮ್ ಅವರೂ ಅದೇ ಜುಲೈಯಲ್ಲಿ ಗೃಹಮಂತ್ರಿಗೆ ಪ್ರತಿಭಟನೆಯ ಪತ್ರ ಬರೆದರು. ಅವರ ಸಭಾಪ್ರಾಂತದ ಗ್ರಾಫೆನೆಕ್ ಎಂಬಲ್ಲಿ, ಹಿಂದೆ ಕ್ರೈಸ್ತ ಸೇವಾಸಂಸ್ಥೆಯೊಂದು ಅಂಗವಿಕಲರನ್ನು ಸಲಹುತ್ತಿದ್ದ ಮನೆಯೇ ಮೊದಲ ವಧಾಕೇಂದ್ರವಾಗಿತ್ತು.

ಇನ್ನೂ ಹಿಂದಕ್ಕೆ ಹೋದರೆ 1931ರ ಟ್ರೈಸಾ ಸಮ್ಮೇಳನ ಎದುರಾಗುತ್ತದೆ. ಅಲ್ಲಿ ಪ್ರೊಟೆಸ್ಟೆಂಟ್ ಸೇವಾಸಂಘವಾದ ಇನ್ನರ್ ಮಿಷನ್ನಿನ ತಜ್ಞರು ರೋಗಿಗಳ ಹತ್ಯೆಯನ್ನು ಖಂಡಿಸಿದರು. ಆದರೆ ಸಂತಾನಶಕ್ತಿಹರಣವನ್ನು ಕೆಲವು ಸಂದರ್ಭಗಳಲ್ಲಿ ಒಪ್ಪಿದರು. ಹಿಂದಿನ ವರುಷವಷ್ಟೇ ಪೋಪ್ ಹನ್ನೊಂದನೆಯ ಪಿಯುಸರು ಅಂಥ ಕ್ರಮವನ್ನು ತಿರಸ್ಕರಿಸಿದ್ದರು. 1933ರ ಜುಲೈಯಲ್ಲಿ ಬಲಾತ್ಕಾರದ ಶಾಸನ ಬಂದಾಗ ಪ್ರೊಟೆಸ್ಟೆಂಟ್ ಆಸ್ಪತ್ರೆಗಳೂ ಅದನ್ನು ಜಾರಿಗೆ ತಂದವು. ಒಟ್ಟಾರೆ ಸುಮಾರು 4 ಲಕ್ಷ ಮಂದಿ ಅದಕ್ಕೆ ಗುರಿಯಾದರು.

ಒಬ್ಬ ಮನುಷ್ಯನ ಶರೀರದ ಮೇಲೆ ಸಮಾಜದ ಹಿತಕ್ಕೆ ಹಕ್ಕುಂಟೆಂದು ಒಪ್ಪಿದ ಮೇಲೆ, ಜೀವದ ಮೇಲೆ ಮಾತ್ರ ಇಲ್ಲವೆಂದು ವಾದಿಸಲು ಸಭೆಗೆ ಯಾವ ಆಧಾರ ಉಳಿದಿತ್ತು? ದೇವರ ಸ್ವರೂಪದ ಬೋಧೆ ಉಳಿದಿತ್ತು, ನಿಜ. ಆದರೆ ಅದನ್ನು ಎರಡು ವಿಷಯಗಳಲ್ಲಿ ಒಂದಕ್ಕೆ ಮಾತ್ರ ಅನ್ವಯಿಸಿದ್ದರು. ಬೆಥೆಲಿನ ಫಾನ್ ಬೋಡೆಲ್‌ಷ್ವಿಂಗ್ ಅವರಲ್ಲಿ ಈ ಬಿರುಕು ಸ್ಪಷ್ಟವಾಗಿ ಕಾಣುತ್ತದೆ. 1940ರಲ್ಲಿ ರೋಗಿಗಳ ನೋಂದಣಿ ನಮೂನೆಗಳು ಬಂದಾಗ ಅವನ್ನು ತುಂಬಿಸಲು ಅವರು ಒಪ್ಪಲಿಲ್ಲ. ಅದೇ ಬೆಥೆಲಿನ ಆಸ್ಪತ್ರೆಯಲ್ಲಿ 1934ರಿಂದ ಆ ಶಸ್ತ್ರಚಿಕಿತ್ಸೆಗಳು ನಡೆದಿದ್ದವು.