ಹಳೆಯ ಜೀಪು: ಕೊಳ್ಳುವ ಮುನ್ನ, ಕೊಂಡ ನಂತರ

ಮಲೆನಾಡಿನ ತೋಟದ ಮನೆಗಳ ಕೊಟ್ಟಿಗೆಯಲ್ಲಿ, ಅಕ್ಕಿ ಗಿರಣಿಗಳ ಹಿತ್ತಲಿನಲ್ಲಿ, ಸರ್ಕಾರಿ ಕಚೇರಿಗಳ ಆವರಣದ ಮರದಡಿಯಲ್ಲಿ ಗಾಳಿ ಇಳಿದ ಚಕ್ರಗಳ ಮೇಲೆ ನಿಂತ ಹಳೆಯ ಜೀಪುಗಳಿಗೆ ಈಗ ಬೆಲೆ ಬಂದಿದೆ. ಒಂದು ಕಾಲಕ್ಕೆ ಗುಜರಿಯವರು ತೂಕದ ಲೆಕ್ಕದಲ್ಲಿ ಒಯ್ಯುತ್ತಿದ್ದ ಈ ವಾಹನವನ್ನು ಇಂದು ನಗರದ ಉದ್ಯೋಗಸ್ಥರು ಹುಡುಕಿಕೊಂಡು ಹೋಗಿ ಕೊಳ್ಳುತ್ತಿದ್ದಾರೆ. ಅಮೆರಿಕದಲ್ಲಿ ಹಳೆಯ ವಾಹನದ ಹವ್ಯಾಸಕ್ಕೆ ಹೊಸದಾಗಿ ಇಳಿಯುವವರು 1960-70ರ ದಶಕದ ಪಿಕಪ್ ಟ್ರಕ್ಕುಗಳತ್ತ ನೋಡುವಂತೆ ಇಲ್ಲಿನವರ ಕಣ್ಣು ಜೀಪಿನ ಮೇಲೆ. ಕಾರಣಗಳೂ ಅವೇ: ಸರಳ ರಚನೆ, ಬಿಚ್ಚಿ ನೋಡಿದರೆ ಅರ್ಥವಾಗುವ ಯಂತ್ರ, ಹುಡುಕಿದರೆ ಸಿಗುವ ಬಿಡಿಭಾಗ.

ಆದರೆ ಹೀಗೆ ಕೊಂಡ ಜೀಪುಗಳೆಲ್ಲ ರಸ್ತೆಗೆ ಮರಳುವುದಿಲ್ಲ. ಕೆಲವು ಕಾಗದಪತ್ರದ ತೊಡಕಿನಲ್ಲಿ ಸಿಲುಕುತ್ತವೆ. ಕೆಲವು ಗ್ಯಾರೇಜಿನ ಮೂಲೆಯಲ್ಲಿ ಬಿಚ್ಚಿದ ಸ್ಥಿತಿಯಲ್ಲೇ ವರ್ಷಗಟ್ಟಲೆ ಬಿದ್ದಿರುತ್ತವೆ. ಮತ್ತೆ ಕೆಲವು ಫಳಫಳ ಹೊಳೆಯುತ್ತ ಹೊರಬಂದರೂ ಘಾಟಿ ಇಳಿಯುವ ಯೋಗ್ಯತೆ ಪಡೆದಿರುವುದಿಲ್ಲ. ಬಹುತೇಕ ಸಂದರ್ಭಗಳಲ್ಲಿ ತಪ್ಪಿರುವುದು ಹಣವಲ್ಲ, ಕೆಲಸದ ಕ್ರಮ.

ಯಾವ ಜೀಪು?

ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದ ವಿಲ್ಲಿಸ್-ಓವರ್‌ಲ್ಯಾಂಡ್ ಕಂಪನಿ ತಯಾರಿಸಿದ ಎಂಬಿ ಮಾದರಿ ಮತ್ತು ಅದೇ ನಕ್ಷೆಯಂತೆ ಫೋರ್ಡ್ ತಯಾರಿಸಿದ ಜಿಪಿಡಬ್ಲ್ಯು ಈ ವಂಶದ ಹಿರಿಯರು. ಯುದ್ಧ ಮುಗಿದ ಬಳಿಕ ನಾಗರಿಕ ಬಳಕೆಗೆಂದು 'ಸಿಜೆ' ಸರಣಿ ಹುಟ್ಟಿತು. 1945ರಲ್ಲಿ ಸ್ಥಾಪನೆಯಾಗಿ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎಂಬ ಹೆಸರು ತಳೆದ ಕಂಪನಿ ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸಲು ಆರಂಭಿಸಿ, ಮುಂದೆ ಪರವಾನಗಿಯ ಮೇಲೆ ಇಲ್ಲಿಯೇ ತಯಾರಿಸತೊಡಗಿತು. ಕನ್ನಡನಾಡಿನ ರಸ್ತೆಗಳಲ್ಲಿ ಜನ ಕಂಡ ಜೀಪು ಮುಖ್ಯವಾಗಿ ಸಿಜೆ-3ಬಿ. ಅಮೆರಿಕದಲ್ಲಿ 1953ರಲ್ಲಿ ಬಂದು 1968ಕ್ಕೆ ನಿಂತುಹೋದ ಈ ಮಾದರಿ ಇಲ್ಲಿ ಅದಕ್ಕಿಂತ ಬಹಳ ಕಾಲ ಬಾಳಿತು. ಇದರ ಗುರುತು ಎತ್ತರದ ಬಾನೆಟ್. ಹರಿಕೇನ್ ಎಂಬ 2.2 ಲೀಟರ್ ಪೆಟ್ರೋಲ್ ಎಂಜಿನ್‌ನ ಒಳಸೇವನೆಯ ಕವಾಟಗಳನ್ನು ತಲೆಯ ಮೇಲಕ್ಕೆ ಏರಿಸಿದ್ದರಿಂದ ಎಂಜಿನ್ ಎತ್ತರವಾಯಿತು, ಅದಕ್ಕೆ ತಕ್ಕಂತೆ ಬಾನೆಟ್ಟೂ ಏರಿತು. 1980ರ ದಶಕದಲ್ಲಿ ಬಂದ ಎಂಎಂ-540 ಫ್ರಾನ್ಸಿನ ಪ್ಯೂಜೊ ಮೂಲದ 2,112 ಸಿಸಿ ಡೀಸೆಲ್ ಎಂಜಿನ್ ಹೊತ್ತಿತ್ತು.

ಮೊದಲ ಬಾರಿಗೆ ಕೊಳ್ಳುವವರಿಗೆ ಈ ಎರಡರಲ್ಲಿ ಒಂದು ಸಾಕು. ಯುದ್ಧಕಾಲದ ಜೀಪಿನ ಆಕರ್ಷಣೆ ದೊಡ್ಡದು. ಆದರೆ ಅದರ ಬೆಲೆ ನಿಂತಿರುವುದು ಮೂಲ ಭಾಗಗಳ ಮೇಲೆ. ಡ್ಯಾಶ್‌ಬೋರ್ಡಿನ ಹಿತ್ತಾಳೆ ಫಲಕ ಒಂದನ್ನೇ ನಂಬಿ 'ವಿಲ್ಲಿಸ್' ಎಂದು ಹಣ ಕೊಟ್ಟವರ ಪಾಡು ಹೇಳತೀರದು. ಅಂಥ ಫಲಕವನ್ನು ಯಾವ ಜೀಪಿಗೆ ಬೇಕಾದರೂ ರಿವೆಟ್ ಹೊಡೆದು ಕೂರಿಸಬಹುದು.

ಕಾಗದ ಮೊದಲು, ಕಬ್ಬಿಣ ಆಮೇಲೆ

ಹಳೆಯ ಜೀಪನ್ನು ನೋಡಲು ಹೋದವರು ಬಾನೆಟ್ ಎತ್ತುವುದಕ್ಕೆ ಮೊದಲು ಆರ್‌ಸಿ ಪುಸ್ತಕ ಕೇಳಬೇಕು. ಕೆಟ್ಟ ಎಂಜಿನ್ನನ್ನು ಸರಿಪಡಿಸಬಹುದು, ತುಕ್ಕು ಹಿಡಿದ ತಗಡನ್ನು ಕತ್ತರಿಸಿ ಬೆಸೆಯಬಹುದು. ಇಲ್ಲದ ದಾಖಲೆಯನ್ನು ಯಾವ ಮೇಸ್ತ್ರಿಯೂ ಹುಟ್ಟಿಸಲಾರ. ಹುಟ್ಟಿಸುತ್ತೇನೆ ಎನ್ನುವವನಿಂದ ದೂರವಿರುವುದು ಲೇಸು.

ಮೊದಲು ತಾಳೆ ನೋಡಬೇಕಾದುದು ಚಾಸಿ ಸಂಖ್ಯೆ. ಅದು ಚೌಕಟ್ಟಿನ ಉಕ್ಕಿನ ಮೇಲೆಯೇ ಕೊರೆದಿರಬೇಕು. ಮಣ್ಣು ಮತ್ತು ಗ್ರೀಸನ್ನು ಒರೆಸಿ, ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು ಆರ್‌ಟಿಓ ಕಚೇರಿಗಳ ಹಳೆಯ ಪದ್ಧತಿ. ಅಕ್ಷರಗಳ ಆಳ ಏರುಪೇರಾಗಿದ್ದರೆ, ಸುತ್ತಲಿನ ಲೋಹವನ್ನು ತಿಕ್ಕಿದ ಅಥವಾ ಬೆಸೆದ ಗುರುತಿದ್ದರೆ ಅಲ್ಲಿಗೆ ವ್ಯವಹಾರ ನಿಲ್ಲಿಸುವುದು ಕ್ಷೇಮ. ಗುಜರಿಗೆ ಹೋದ ಜೀಪಿನ ಆರ್‌ಸಿಯನ್ನು ಉಳಿಸಿಕೊಂಡು, ಅದರ ಸಂಖ್ಯೆಯನ್ನು ಬೇರೊಂದು ಚಾಸಿಯ ಮೇಲೆ ಕೊರೆದು ಮಾರುವುದುಂಟು. ಸೇನೆಯ ಹರಾಜಿನಲ್ಲಿ ಕೊಂಡ ಜೀಪುಗಳದು ಬೇರೆ ಕಥೆ. ಅವುಗಳಿಗೆ ಹರಾಜಿನ ಮಾರಾಟ ಪತ್ರವೇ ಆಧಾರ; ಅದರ ಮೇಲೆ ನಾಗರಿಕ ನೋಂದಣಿ ಆಗಿದೆಯೇ ಎಂಬುದನ್ನು ನೋಡಬೇಕು.

ಎರಡನೆಯ ತೊಡಕು ಎಂಜಿನ್. ಡೀಸೆಲ್ ಅಗ್ಗವಾಗಿದ್ದ ಕಾಲದಲ್ಲಿ ಅನೇಕ ಮಾಲೀಕರು ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂರಿಸಿದರು. ರೈತನ ಲೆಕ್ಕಕ್ಕೆ ಅದು ಜಾಣತನವೇ ಆಗಿತ್ತು. ಆದರೆ ಆರ್‌ಸಿಯಲ್ಲಿ 'ಪೆಟ್ರೋಲ್' ಎಂದಿದ್ದು, ಬಾನೆಟ್ ಕೆಳಗೆ ಡೀಸೆಲ್ ಎಂಜಿನ್ ಗುಡುಗುತ್ತಿದ್ದರೆ ಹೆಸರು ವರ್ಗಾವಣೆ, ನವೀಕರಣ ಎರಡೂ ಕಷ್ಟ. ಎಂಜಿನ್ ಬದಲಾವಣೆಗೆ ನೋಂದಣಿ ಪ್ರಾಧಿಕಾರದ ಅನುಮತಿ ಪಡೆದು, ಹೊಸ ಸಂಖ್ಯೆ ಆರ್‌ಸಿಯಲ್ಲಿ ದಾಖಲಾಗಿರಬೇಕು.

ಮೂರನೆಯದು ನವೀಕರಣ. ಖಾಸಗಿ ವಾಹನದ ಮೊದಲ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ; ಆ ನಂತರ ತಪಾಸಣೆಗೆ ಒಳಪಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಲಘು ಮೋಟಾರು ವಾಹನದ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ ರೂ. 5,000ಕ್ಕೆ ಏರಿಸಿತು, 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದವುಗಳಿಗೆ ಅದನ್ನು ರೂ. 10,000 ಮಾಡಿತು. ಹಸಿರು ತೆರಿಗೆ ಬೇರೆ. ಮೈಸೂರು ರಾಜ್ಯದ ಕಾಲದ 'ಎಂವೈ' ಸಂಖ್ಯೆಯ ಜೀಪು ಎಂದರೆ ಅಭಿಮಾನ ಮೂಡುವುದು ಸಹಜ. ಆದರೆ ಅಂಥ ಹಳೆಯ ನೋಂದಣಿಯ ವಿವರ ಕೈಬರಹದ ಕಡತದಲ್ಲೇ ಉಳಿದು, 'ವಾಹನ್' ಗಣಕ ದಾಖಲೆಗೆ ಸೇರದೆ ಇರಬಹುದು. ಅದನ್ನು ಮೂಲ ಆರ್‌ಟಿಓ ಕಚೇರಿಯಲ್ಲಿ ಸೇರಿಸಿಕೊಡುವ ಹೊಣೆಯನ್ನು ಮಾರುವವರೇ ಹೊರಲಿ. ಪೂರ್ತಿ ಹಣ ಆ ಕೆಲಸ ಮುಗಿದ ಮೇಲೆ. ಹೊರರಾಜ್ಯದ ಜೀಪಾದರೆ ನಿರಾಕ್ಷೇಪಣಾ ಪತ್ರವೂ ಬೇಕು, ಇಲ್ಲಿನ ತೆರಿಗೆಯೂ ಬೀಳುತ್ತದೆ.

ತಗಡಿನ ಕೆಳಗೆ ಏನಿದೆ?

ಕರಾವಳಿ ಮತ್ತು ಮಲೆನಾಡಿನ ಜೀಪುಗಳಿಗೆ ತುಕ್ಕು ಶತ್ರು. ಬಯಲುಸೀಮೆಯವು ದೂಳು ತಿಂದು ಸವೆದಿರುತ್ತವೆ. ಆಯ್ಕೆಯಿದ್ದರೆ ಸವೆದದ್ದನ್ನೇ ಕೊಳ್ಳಬೇಕು. ಸವೆದ ಭಾಗಕ್ಕೆ ಬದಲಿ ಸಿಗುತ್ತದೆ, ಕೊಳೆತ ಚಾಸಿಗೆ ಸಿಗುವುದಿಲ್ಲ. ಕಮಾನುಪಟ್ಟಿಗಳು ಚಾಸಿಗೆ ಸೇರುವ ಜಾಗ, ಅಡ್ಡಪಟ್ಟಿಗಳ ಕೂಡುಗಳು, ಪೆಡಲುಗಳ ಕೆಳಗಿನ ನೆಲ, ದೇಹವನ್ನು ಚಾಸಿಗೆ ಬಿಗಿದ ಬೋಲ್ಟುಗಳ ಸುತ್ತ, ಹಿಂಬದಿಯ ಮೂಲೆಗಳು: ಇವನ್ನು ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಬೇಕು. ಹೊಸ ಬಣ್ಣ ಬಳಿದ ಜೀಪಿಗೆ ಬಟ್ಟೆ ಸುತ್ತಿದ ಆಯಸ್ಕಾಂತ ಒಳ್ಳೆಯ ಸಾಕ್ಷಿ; ಅದು ಅಂಟದ ಕಡೆ ತಗಡಿಲ್ಲ, ಪುಟ್ಟಿ ಇದೆ.

ಎಂಜಿನ್ನಿನ ಬಗ್ಗೆ ಹೊಸಬರು ಅತಿಯಾಗಿ ಚಿಂತಿಸುತ್ತಾರೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಕಪ್ಪು ಬಂದರೆ ಇಂಧನ ಪೂರ್ತಿ ಉರಿಯುತ್ತಿಲ್ಲ, ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳನುಗ್ಗುತ್ತಿರಬಹುದು. ಇಷ್ಟು ಮೊದಲ ನೋಟಕ್ಕೆ ಸಾಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಪೇಟೆ, ಒಬ್ಬ ಒಳ್ಳೆಯ ಲೇತ್ ಕೆಲಸಗಾರ ಇಬ್ಬರೂ ಕೈಗೆಟುಕಿದರೆ ಈ ಎಂಜಿನ್‌ಗಳಿಗೆ ಮರುಜನ್ಮ ಕೊಡುವುದು ಅಸಾಧ್ಯವಲ್ಲ.

ನಿಲ್ಲುವುದನ್ನು ಮೊದಲು ಕಲಿಸಬೇಕು

ಜೀಪು ಮನೆಗೆ ಬಂದ ದಿನವೇ ಅದನ್ನು ಪೂರ್ತಿ ಬಿಚ್ಚುವ ಉತ್ಸಾಹ ಹಲವರಿಗೆ. ಅರ್ಧ ಬಿಚ್ಚಿದ ಜೀಪುಗಳು ಮಾರಾಟಕ್ಕೆ ಬರುವುದು ಹೀಗೆಯೇ. ಡಬ್ಬಿಗಳಲ್ಲಿ ತುಂಬಿದ ನಟ್ಟು-ಬೋಲ್ಟುಗಳು ಯಾವ ಜಾಗದವು ಎಂಬುದು ಮೂರು ತಿಂಗಳಲ್ಲಿ ಮರೆಯುತ್ತದೆ. ಹಣ ಮುಗಿದರೆ ಉತ್ಸಾಹವೂ ಮುಗಿಯುತ್ತದೆ. ಓಡುವ ಜೀಪನ್ನು ಓಡುವ ಸ್ಥಿತಿಯಲ್ಲೇ ಇಟ್ಟುಕೊಂಡು, ಒಂದು ಬಾರಿಗೆ ಒಂದೇ ಅಂಗವನ್ನು ಬಿಚ್ಚಿ, ಅದನ್ನು ಮುಗಿಸಿಯೇ ಮುಂದಿನದಕ್ಕೆ ಕೈ ಹಾಕುವುದು ವಿವೇಕ.

ಆ ಪೈಕಿ ಮೊದಲ ಸರದಿ ಬ್ರೇಕಿನದು. ಹಳೆಯ ಜೀಪುಗಳ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು; ನಾಲ್ಕಕ್ಕೂ ಆಯಿಲ್ ಹೋಗುವುದು ಒಂದೇ ಮಾಸ್ಟರ್ ಸಿಲಿಂಡರಿನ ಒಂದೇ ಮಾರ್ಗದಿಂದ. ಒಂದು ಚಕ್ರದ ಸಿಲಿಂಡರ್ ಸೋರಿದರೂ, ಒಂದು ರಬ್ಬರ್ ಹೋಸು ಒಡೆದರೂ ಪೆಡಲ್ ನೆಲ ಮುಟ್ಟುತ್ತದೆ, ನಾಲ್ಕೂ ಬ್ರೇಕು ಒಟ್ಟಿಗೆ ಸಾಯುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ದ್ರವ. ವರ್ಷಗಟ್ಟಲೆ ನಿಂತ ಜೀಪಿನಲ್ಲಿ ಅದು ಪೈಪುಗಳನ್ನು ಒಳಗಿನಿಂದ ತಿಂದಿರುತ್ತದೆ. ಘಾಟಿ ಇಳಿಯುವಾಗ ಬಿಸಿಯೇರಿ ಆವಿಗುಳ್ಳೆ ಕಟ್ಟುತ್ತದೆ. ಆದ್ದರಿಂದ ಹೋಸು, ಪೈಪು, ಸಿಲಿಂಡರಿನ ರಬ್ಬರುಗಳು ಹಾಗೂ ಲೈನರುಗಳನ್ನು 'ಇನ್ನೂ ಚೆನ್ನಾಗಿವೆ' ಎಂಬ ಮಾತು ಕೇಳದೆ ಬದಲಿಸಬೇಕು. ಒಂದೇ ಬದಿಗೆ ಎಳೆಯುವ ಬ್ರೇಕಿಗೆ ಅನೇಕ ಬಾರಿ ಕಾರಣ, ಆಕ್ಸಲ್ ಸೀಲು ಸೋರಿ ಲೈನರು ಆಯಿಲ್ ಕುಡಿದಿರುವುದು. ಹಳೆಯ ಲೈನರುಗಳಲ್ಲಿ ಆಸ್‌ಬೆಸ್ಟಾಸ್ ಇರುವ ಸಂಭವವಿದ್ದು, ಡ್ರಮ್ಮಿನ ದೂಳನ್ನು ಗಾಳಿ ಹೊಡೆದು ಹಾರಿಸುವ ಗ್ಯಾರೇಜು ಅಭ್ಯಾಸ ಅಪಾಯಕರ. ನೀರು ಚಿಮುಕಿಸಿ ಒರೆಸಬೇಕು.

ಸಿಜೆ-3ಬಿಯ ಹ್ಯಾಂಡ್‌ಬ್ರೇಕನ್ನು ನೆಚ್ಚಿಕೊಳ್ಳುವವರು ಒಂದು ಸಂಗತಿ ತಿಳಿದಿರಬೇಕು. ಅದು ಚಕ್ರಗಳನ್ನು ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟಿನ ಬಾಯಲ್ಲಿರುವ ಸಣ್ಣ ಡ್ರಮ್ಮನ್ನು ಹಿಡಿಯುತ್ತದೆ. ಶಾಫ್ಟನ್ನು ಬಿಚ್ಚಿ ಇಳಿಜಾರಿನಲ್ಲಿ ನಿಲ್ಲಿಸಿದ ಜೀಪಿಗೆ ಹ್ಯಾಂಡ್‌ಬ್ರೇಕೇ ಇಲ್ಲ. ಚಕ್ರಕ್ಕೆ ಕಲ್ಲು ಕೊಡದೆ ಅದರ ಕೆಳಗೆ ಮಲಗುವುದು ಪ್ರಾಣದ ಜೊತೆ ಸರಸ. ಎರಡು ಪ್ರತ್ಯೇಕ ಮಾರ್ಗಗಳ ಮಾಸ್ಟರ್ ಸಿಲಿಂಡರನ್ನು ನುರಿತವರಿಂದ ಅಳವಡಿಸಿಕೊಳ್ಳುವವರಿದ್ದಾರೆ. ಹೊರಗಣ್ಣಿಗೆ ಕಾಣದ ಈ ಬದಲಾವಣೆಗೆ ಮೂಲರೂಪದ ಮಡಿವಂತರೂ ಆಕ್ಷೇಪಿಸಬಾರದು.

ಬ್ರೇಕಿನ ಬೆನ್ನಲ್ಲೇ ಸ್ಟಿಯರಿಂಗ್. ಮುಂಚಕ್ರವನ್ನು ಜಾಕಿನ ಮೇಲೆತ್ತಿ, ಮೇಲೆ-ಕೆಳಗೆ ಹಿಡಿದು ಅಲುಗಿಸಿದರೆ ಕಿಂಗ್‌ಪಿನ್ ಬೇರಿಂಗಿನ ಸವೆತ ತಿಳಿಯುತ್ತದೆ. ಗುಂಡಿ ಹಾರಿದಾಗ ಮುಂಭಾಗ ತಡೆಯಿಲ್ಲದೆ ನಡುಗತೊಡಗುವ ಕಾಯಿಲೆಯ ಮೂಲಗಳಲ್ಲಿ ಇದೂ ಒಂದು. ಸ್ಟಿಯರಿಂಗ್ ಪೆಟ್ಟಿಗೆಯ ಸ್ಕ್ರೂ ಬಿಗಿದು ಅದನ್ನು ಮುಚ್ಚಿಡುವುದು ಪರಿಹಾರವಲ್ಲ.

ಸಿಜೆ-3ಬಿಯಲ್ಲಿ ಪೆಟ್ರೋಲ್ ಟ್ಯಾಂಕು ಇರುವುದು ಚಾಲಕನ ಆಸನದ ಕೆಳಗೇ. ಆ ಭಾಗದ ನೆಲವನ್ನು ಬೆಸೆಯುವ ಮುನ್ನ ಟ್ಯಾಂಕನ್ನು ಹೊರತೆಗೆಯಲೇಬೇಕು. ಖಾಲಿ ಟ್ಯಾಂಕು ನಿರಪಾಯ ಎಂಬುದು ಗ್ಯಾರೇಜುಗಳ ಅತಿ ಕೆಟ್ಟ ಮೂಢನಂಬಿಕೆ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕೇ ಹೆಚ್ಚು ಸ್ಫೋಟಕ. ಬಿರುಕು ಬಿಟ್ಟ ವೈರುಗಳನ್ನೂ ಇದೇ ಹಂತದಲ್ಲಿ ಬದಲಿಸಿ, ಫ್ಯೂಸುಗಳನ್ನು ಸೇರಿಸಬೇಕು. ಈಗ ಬಂಕುಗಳಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಅದು ಹಳೆಯ ರಬ್ಬರ್ ಕೊಳವೆ, ಪಂಪಿನ ಡಯಾಫ್ರಮ್‌ಗಳನ್ನು ಹಾಳುಗೆಡವಬಲ್ಲದು, ನಿಂತ ಟ್ಯಾಂಕಿನಲ್ಲಿ ನೀರು ಸೆಳೆಯುತ್ತದೆ. ಎಥೆನಾಲ್ ತಾಳುವ ಕೊಳವೆಗಳಿಗೆ ತೆರುವ ಹಣ ದುಂದಲ್ಲ.

ಬದಲಾವಣೆಗೆ ಮಿತಿ

ಇಷ್ಟು ಮುಗಿದ ಮೇಲೆ ಟಿಂಕರಿಂಗ್, ಬಣ್ಣ, ಹುಡ್, ಆಸನ. ದೊಡ್ಡ ಟೈರು, ಕತ್ತರಿಸಿದ ದೇಹ, ಬೇರೆ ಕಂಪನಿಯ ಎಂಜಿನ್‌ಗಳ ಮೋಹ ಹುಟ್ಟುವುದೂ ಇದೇ ಹೊತ್ತಿನಲ್ಲಿ. ಹರಿಯಾಣದ ಮಂಡಿ ದಬ್ವಾಲಿ ಹೊಸದಾಗಿ ಕಟ್ಟಿದ ತೆರೆದ ಜೀಪುಗಳಿಗೆ ದೇಶದಲ್ಲೆಲ್ಲ ಹೆಸರಾದ ಊರು. ನೋಟಕ್ಕೆ ಚೆಂದ; ಆದರೆ ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿಷೇಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅಪಘಾತವಾದಾಗ ಈ ಪ್ರಶ್ನೆಯನ್ನು ಮೊದಲು ಎತ್ತುವವರು ಪೊಲೀಸರಲ್ಲ, ವಿಮಾ ಕಂಪನಿಯವರು.

ಸಿದ್ಧವಾದ ಜೀಪನ್ನು ಅದರ ವಯಸ್ಸಿಗೆ ತಕ್ಕಂತೆ ನಡೆಸಿಕೊಳ್ಳಬೇಕು. ಗಂಟೆಗೆ 60 ಕಿ.ಮೀ. ಮೀರಿದರೆ ಸಿಜೆ-3ಬಿ ಏದುಸಿರು ಬಿಡುತ್ತದೆ. ಅದರ ಗೇರುಗಳ ಲೆಕ್ಕವೇ ಹೊಲ, ಕಾಡುಗಳಿಗಾಗಿ ಹಾಕಿದ್ದು. ಒಣ ಡಾಂಬರಿನ ಮೇಲೆ ನಾಲ್ಕು ಚಕ್ರಗಳ ಚಾಲನೆ ಹಾಕಿ ತಿರುಗಿದರೆ ಗೇರುಗಳು ಒಂದಕ್ಕೊಂದು ಬಿಗಿದು ಶಾಫ್ಟು ಮುರಿಯುವುದುಂಟು. ಆ ಲಿವರು ಕೆಸರಿಗೆ, ಮರಳಿಗೆ ಮಾತ್ರ.

ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ದೇಹ, ಎಂಜಿನ್‌ಗಳಲ್ಲಿ ಭಾರಿ ಬದಲಾವಣೆ ಕಾಣದ ವಾಹನಗಳಿಗೆ 2021ರ ನಿಯಮಗಳು 'ವಿಂಟೇಜ್' ನೋಂದಣಿಯ ಅವಕಾಶ ನೀಡಿವೆ. ಸಂಖ್ಯಾಫಲಕದಲ್ಲಿ 'ವಿಎ' ಅಕ್ಷರಗಳಿರುತ್ತವೆ. ಹೊಸ ನೋಂದಣಿಗೆ ಶುಲ್ಕ ರೂ. 20,000, ಅವಧಿ 10 ವರ್ಷ; ಮರುನೋಂದಣಿಗೆ ರೂ. 5,000. ಆದರೆ ಇಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಮೊದಲಾದ ಸೀಮಿತ ಉದ್ದೇಶಗಳಿಗೆ ಮಾತ್ರ ರಸ್ತೆಗಿಳಿಸಬಹುದು. ವಾರಾಂತ್ಯಕ್ಕೆ ಮಕ್ಕಳನ್ನು ಕೂರಿಸಿಕೊಂಡು ಊರಿಗೆ ಹೋಗಿಬರುವ ಆಸೆಯುಳ್ಳವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳಬೇಕಾಗುತ್ತದೆ.